ಕಾರ್ಬೊರೇಟರು ಹೋಗಿ ಪಂಪು ಬಂದ ಕಾಲ

ಮುಂಬಯಿ ಕನ್ನಡಿಗರೆಂದರೆ ಊರಿನವರಿಗೆ ಥಟ್ಟನೆ ನೆನಪಾಗುವುದು ಉಡುಪಿ ಹೋಟೆಲು, ರಾತ್ರಿಶಾಲೆ, ಯಕ್ಷಗಾನ. ತಪ್ಪೇನಿಲ್ಲ. ಆದರೆ ಈ ಶಹರಕ್ಕೆ ಕರ್ನಾಟಕದಿಂದ ಬಂದದ್ದು ಮನುಷ್ಯರು ಮಾತ್ರವಲ್ಲ. ಇಲ್ಲಿನ ಲಾರಿಗಳ ಎಂಜಿನ್ನಿಗೆ ಅಂಟಿಕೊಂಡು ದಶಕಗಟ್ಟಲೆ ದುಡಿದ ಒಂದು ಲೋಹದ ಪೆಟ್ಟಿಗೆಯೂ ಬೆಂಗಳೂರಿನಿಂದಲೇ ಬಂದದ್ದು. ಗ್ಯಾರೇಜಿನವರು ಅದನ್ನು ‘ಮೈಕೋ ಪಂಪು’ ಅನ್ನುತ್ತಿದ್ದರು. ಲಾರಿ ಸಾಲದ ಕಾಗದ ನೋಡುತ್ತಾ ಅರ್ಧ ಆಯುಷ್ಯ ಕಳೆದವನು ನಾನು. ಆ ಪಂಪಿನ ಹಿಂದಿರುವ ಚರಿತ್ರೆಯನ್ನು ತಿಳಿದಷ್ಟು ಹೇಳುತ್ತೇನೆ.

ಮುಂಬಯಿಯಲ್ಲಿ ಲಾರಿ ಜೋಡಿಸುವ ಕೆಲಸ ಹಳೆಯದು. 1928ರಲ್ಲೇ ಅಮೆರಿಕದ ಜನರಲ್ ಮೋಟರ್ಸ್ ಶಿವಡಿಯಲ್ಲಿ ಬಿಡಿಭಾಗ ತರಿಸಿ ಷೆವ್ರೊಲೆ ಗಾಡಿಗಳನ್ನು ಜೋಡಿಸತೊಡಗಿತ್ತು. 1944ರಲ್ಲಿ ವಾಲಚಂದ ಹೀರಾಚಂದರು ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. 1947ರ ಹೊತ್ತಿಗೆ ಅವರ ಕುರ್ಲಾ ಕಾರ್ಖಾನೆಯಿಂದ ಗಾಡಿಗಳು ಹೊರಬಂದವು. ಡಾಡ್ಜ್, ಫಾರ್ಗೊ ಲಾರಿಗಳ ಮನೆ ಅದು. ಇವುಗಳ ಜೊತೆಗೆ ಎರಡನೇ ಮಹಾಯುದ್ಧ ಮುಗಿದ ಮೇಲೆ ಸೈನ್ಯದವರು ಮಾರಿಬಿಟ್ಟ ಲಾರಿಗಳು ಬೇರೆ. ಹೆಚ್ಚುಕಡಿಮೆ ಎಲ್ಲವೂ ಪೆಟ್ರೋಲ್ ಗಾಡಿಗಳೇ, ಕಾರ್ಬೊರೇಟರಿನವೇ.

ಕಾರ್ಬೊರೇಟರು ಸರಳ ಸಾಮಾನು. ಎಂಜಿನ್ ಗಾಳಿಯನ್ನು ಎಳೆದುಕೊಳ್ಳುತ್ತದೆ. ಇಕ್ಕಟ್ಟಾದ ಕೊಳವೆಯಲ್ಲಿ ಆ ಗಾಳಿ ರಭಸದಿಂದ ಹೋಗುವಾಗ ಪೆಟ್ರೋಲನ್ನೂ ಹೀರಿಕೊಂಡು ಹೋಗುತ್ತದೆ. ಒಳಗೆ ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸುತ್ತದೆ. ಡೀಸೆಲ್ ಎಂಜಿನ್ನಿನ ಸಂಸಾರವೇ ಬೇರೆ. ಅಲ್ಲಿ ಕಿಡಿಯಿಲ್ಲ. ಬರೀ ಗಾಳಿಯನ್ನು ಹದಿನಾರು ಇಪ್ಪತ್ತು ಪಾಲು ಒತ್ತಿ ಕಾಯಿಸುವುದು, ಆ ಕಾದ ಗಾಳಿಗೆ ಪಂಪು ಅಳತೆ ಮಾಡಿ ಎಣ್ಣೆ ಚಿಮ್ಮಿಸುವುದು, ತಾನಾಗಿ ಹೊತ್ತಿಕೊಳ್ಳುವುದು. ಅಳತೆಯೂ ಸಮಯವೂ ಪಂಪಿನ ಕೈಯಲ್ಲಿ. ಪಂಪು ಕೆಟ್ಟರೆ ಲಾರಿ ಕೆಟ್ಟಂತೆ.

ಈ ಪಂಪನ್ನು ಜರ್ಮನಿಯ ಬಾಷ್ ಕಂಪನಿ 1927ರಲ್ಲಿ ದೊಡ್ಡ ಪ್ರಮಾಣದಲ್ಲಿ ತಯಾರಿಸಲು ತೊಡಗಿತು. ಅವರ ಸಹಯೋಗದಲ್ಲಿ 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಹುಟ್ಟಿತು. ಆಡುಗೋಡಿಯ ಕಾರ್ಖಾನೆಯಲ್ಲಿ ಸ್ಪಾರ್ಕ್ ಪ್ಲಗ್ಗೂ ತಯಾರಾಯಿತು, ಡೀಸೆಲ್ ಪಂಪೂ ತಯಾರಾಯಿತು. ಪಂಪಿನೊಳಗಿನ ಪ್ಲಂಜರಿಗೂ ಅದರ ಬ್ಯಾರೆಲಿಗೂ ನಡುವಿನ ಸಂದು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಮೂರು ಪಾಲು. ತಲೆಗೂದಲು ಅದರ ಮುಂದೆ ಹಗ್ಗ. ಜೋಡಿಯಾಗಿ ಉಜ್ಜಿ ಕೂಡಿಸಿದ ಇವೆರಡನ್ನು ಅಗಲಿಸಿ ಇನ್ನೊಂದಕ್ಕೆ ಹಾಕುವಂತಿಲ್ಲ. ಅಂಥ ಕೆಲಸ ನಮ್ಮ ಆಡುಗೋಡಿಯಲ್ಲಿ ನಡೆಯಿತೆಂಬುದು ಸಣ್ಣ ಮಾತಲ್ಲ.

ಅದೇ ಹೊತ್ತಿಗೆ ಎರಡು ಸಂಗತಿ ನಡೆದವು. ಬರೀ ಜೋಡಿಸುವ ಕಂಪನಿಗಳು ಬೇಡ, ಇಲ್ಲೇ ತಯಾರಿಸುವವರು ಇರಲಿ ಎಂದು ಸರ್ಕಾರ ನಿಲುವು ತೆಗೆದುಕೊಂಡಿತು. 1954ರಲ್ಲಿ ಜನರಲ್ ಮೋಟರ್ಸ್ ಶಿವಡಿಯ ಬಾಗಿಲು ಹಾಕಿ ಹೋಯಿತು. ಅದೇ 1954ರಲ್ಲಿ ಜಮ್ಶೆಡ್‌ಪುರದಿಂದ ಟಾಟಾ-ಮರ್ಸಿಡಿಸ್ ಡೀಸೆಲ್ ಲಾರಿ ಬಂತು. ಹಳೆಯ ಪೆಟ್ರೋಲ್ ಲಾರಿಗಳು ತಾಯಿಯಿಲ್ಲದ ಮಕ್ಕಳಾದವು. ಚಾಸಿ ಗಟ್ಟಿ, ಆದರೆ ಎಂಜಿನ್ನಿನ ಸಾಮಾನಿಲ್ಲ, ಪೆಟ್ರೋಲ್ ದುಬಾರಿ. 1973ರ ತೈಲ ಸಂಕಟದಲ್ಲಿ ಬೆಲೆ ಇನ್ನೂ ಏರಿತು.

ಆಗ ಗ್ಯಾರೇಜಿನವರು ಕಂಡುಕೊಂಡ ದಾರಿಯೇ ಎಂಜಿನ್ ಬದಲಾವಣೆ. ಕಾರ್ಬೊರೇಟರ್ ಬಿಚ್ಚಿ ಆ ಜಾಗಕ್ಕೆ ಪಂಪು ಕೂರಿಸಿದರೆ ಆಗುವುದಿಲ್ಲ, ಆ ಒತ್ತಡವನ್ನು ಪೆಟ್ರೋಲ್ ಎಂಜಿನ್ ತಾಳುವುದಿಲ್ಲ. ಇಡೀ ಎಂಜಿನ್ನೇ ಇಳಿಯಬೇಕು. ಕಾರ್ಬೊರೇಟರು, ಕಾಯಿಲು, ಡಿಸ್ಟ್ರಿಬ್ಯೂಟರು ಹೋದವು. ಅವುಗಳ ಬದಲಿಗೆ ಹಳೆ ಡೀಸೆಲ್ ಎಂಜಿನ್ನು, ಪಂಪು, ನಾಝಲು, ಡೀಸೆಲ್ ಫಿಲ್ಟರು, ದೊಡ್ಡ ಬ್ಯಾಟರಿ ಬಂದವು. ಗೇರ್‌ಬಾಕ್ಸಿಗೆ ಹೊಂದುವ ತಟ್ಟೆಯನ್ನು ಲೇಥಿನಲ್ಲಿ ಕಡೆಯಬೇಕು. ಡೀಸೆಲ್ ಎಂಜಿನ್ ನಿಧಾನ ತಿರುಗುವುದರಿಂದ ಡಿಫರೆನ್ಷಿಯಲ್ ಹಲ್ಲುಗಳನ್ನೂ ಬದಲಿಸಿದರೇ ಒಳ್ಳೇದು. ಕೊನೆಗೆ ಎಣ್ಣೆ ಪೈಪಿನೊಳಗಿನ ಗಾಳಿ ತೆಗೆಯಬೇಕು. ಒಂದು ಗುಳ್ಳೆ ಉಳಿದರೂ ಗಾಡಿ ಏಳುವುದಿಲ್ಲ.

ಲೆಕ್ಕ ಹೀಗೆ. ಪೆಟ್ರೋಲಿನಲ್ಲಿ ಲೀಟರಿಗೆ 4 ಕಿಲೋಮೀಟರು, ಡೀಸೆಲ್‌ನಲ್ಲಿ 6 ಎಂದಿಟ್ಟುಕೊಳ್ಳಿ. ದಿನಕ್ಕೆ 60 ಕಿಲೋಮೀಟರು ಓಡಿದರೆ 15 ಲೀಟರಿನ ಜಾಗದಲ್ಲಿ 10 ಸಾಕು. ಡೀಸೆಲ್ ಬೆಲೆ ಪೆಟ್ರೋಲಿನ ಅರ್ಧವೆಂದು ಹಿಡಿದರೆ ಖರ್ಚು ಮೂರರಲ್ಲಿ ಒಂದು ಪಾಲಿಗೆ ಇಳಿಯಿತು. ಬ್ಯಾಲೆನ್ಸ್ ಶೀಟಿನಲ್ಲಿ ಸವಕಳಿಯಾಗಿ ಸೊನ್ನೆ ತಲುಪಿದ ಗಾಡಿ ಹೀಗೆ ಮತ್ತೆ ಒಂದು ಸಂಸಾರ ಸಾಕುತ್ತಿತ್ತು.

1969ರಲ್ಲಿ 14 ಬ್ಯಾಂಕುಗಳ ರಾಷ್ಟ್ರೀಕರಣವಾದ ಮೇಲೆ ಒಂದೆರಡು ಲಾರಿಯ ಮಾಲಕರೂ ಆದ್ಯತಾ ವಲಯದ ಸಾಲಕ್ಕೆ ಅರ್ಹರಾದರು. 1984ರಲ್ಲಿ ನಮ್ಮ ಶಾಖೆಗೆ ಬಿಜಾಪುರ ಕಡೆಯ ಒಬ್ಬ ಹಿರಿಯರು ಬಂದರು. ಅವರದೊಂದು ಹಳೆ ಫಾರ್ಗೊ, ನೀರಿನ ಟ್ಯಾಂಕರು. ಅದಕ್ಕೆ ಟಾಟಾ-ಮರ್ಸಿಡಿಸ್ ಎಂಜಿನ್ ಕೂಡಿಸಿದ್ದರು. ಆದರೆ ಆರ್‌ಸಿ ಪುಸ್ತಕದಲ್ಲಿ ಇನ್ನೂ ‘ಪೆಟ್ರೋಲ್’, ಹಳೆ ಎಂಜಿನ್ ನಂಬರು.

“ಸಾಹೇಬ್ರ, ಗಾಡಿ ಕಣ್ಮುಂದ ಐತಿ, ಓಡಾಕತ್ತೈತಿ. ಪುಸ್ತಕ ಯಾಕ ನೋಡ್ತೀರಿ?” ಅಂದರು.

“ಯಜಮಾನ್ರೇ, ನಾಳೆ ಅಪಘಾತ ಆದ್ರೆ ವಿಮೆಯವರು ನೋಡೋದು ಪುಸ್ತಕಾನೇ. ಇಲ್ಲದ ಎಂಜಿನ್ನಿಗೆ ಅವರು ದುಡ್ಡು ಕೊಡ್ತಾರಾ?” ಅಂದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಟ್ಯಾಂಕರಿನ ಮೇಲೆ ಏಳು ಹೊಟ್ಟೆ ನಡೆಯುತ್ತಿತ್ತು. ಆಮೇಲೆ ಆರ್‌ಟಿಒ ಕಚೇರಿಗೆ ನಾಲ್ಕಾರು ಸಲ ಅಲೆದು, ಬದಲಾವಣೆ ಬರೆಸಿಕೊಂಡು ಬಂದರು. ಪರಿಶೀಲನೆಗೆ ಹೋದಾಗ ಪಂಪಿನ ಮೇಲಿನ ಮಸಿ ಒರೆಸಿ, “ನೋಡ್ರಿ, ನಮ್ಮ ಬೆಂಗಳೂರಿಂದು” ಎಂದು ತೋರಿಸಿದರು. ಬಿಜಾಪುರಕ್ಕೆ ಬೆಂಗಳೂರಿಗಿಂತ ಮುಂಬಯಿ ಹತ್ತಿರ. ಆದರೂ ಪರಸ್ಥಳದಲ್ಲಿ ಬೆಂಗಳೂರೂ ‘ನಮ್ಮದು’. ಪಂಪಿನ ರಿಪೇರಿಗೂ ಟಯರಿಗೂ ಸಾಲ ಮಂಜೂರಾಯಿತು. ಅವರು ಒಂದು ಕಂತನ್ನೂ ತಪ್ಪಿಸಲಿಲ್ಲ.

ಆ ವಿದ್ಯೆಯ ಕಾಲ ಈಗ ಮುಗಿದಿದೆ. 2020ರ ಏಪ್ರಿಲ್‌ನಿಂದ ಬಿಎಸ್-6 ನಿಯಮ ಬಂದಿದೆ. ಹೊಸ ಲಾರಿಯಲ್ಲಿ ಎಣ್ಣೆಯ ಅಳತೆ, ಸಮಯ ಎರಡನ್ನೂ ನಿರ್ಧರಿಸುವುದು ಕಂಪ್ಯೂಟರು. ಕಿವಿಗೊಟ್ಟು ಟೈಮಿಂಗ್ ಕೂರಿಸುವ ಮೇಸ್ತ್ರಿಗೆ ಅಲ್ಲಿ ಕೆಲಸವಿಲ್ಲ. ಹೊಗೆ ಕಡಿಮೆಯಾಯಿತು, ಅದು ಒಳ್ಳೆಯದೇ. ಆದರೆ ಹಳೆ ಗಾಡಿಯನ್ನು ಬದುಕಿಸಿಕೊಂಡು ತಾನೂ ಬದುಕುವ ಅವಕಾಶ ಬಡ ಮಾಲಕನಿಗೆ ಕಡಿಮೆಯಾಯಿತು. ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2008ರಲ್ಲಿ ಮೈಕೋ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು. ಬೆಂಗಳೂರಿನಲ್ಲಿ ಮೈಕೋ ಲೇಔಟ್ ಎಂಬ ಬಡಾವಣೆಯ ಹೆಸರು ಉಳಿದಿದೆ. ಊರಿನವರು ಅದನ್ನು ಬಸ್‌ಸ್ಟಾಪಿನ ಹೆಸರಾಗಿ ಓದಿ ಮುಂದೆ ಹೋಗುತ್ತಾರೆ. ಪರಊರಿನಲ್ಲಿದ್ದ ನಮಗೆ ಅದು ಒಂದು ಕಾಲದ ಲಾರಿಗಳ ಉಸಿರಿನ ಹೆಸರು.