ಜೆಪ್ಪುವಿನ ಬಾಡಿಗೆ ಮನೆ, ಅಜ್ಜಿಯ ಅಳಿಯಕಟ್ಟು

ಮದುವೆಯಾದ ಮೂರನೇ ವಾರ ನಾವಿಬ್ಬರು ಜೆಪ್ಪುವಿನ ಅಪಾರ್ಟ್‌ಮೆಂಟ್ ಒಂದರ ಎರಡನೇ ಮಹಡಿಗೆ ಸಾಮಾನು ಹೊತ್ತೆವು. ಒಂದು ಹಾಲ್, ಒಂದು ಬೆಡ್‌ರೂಮ್. ಅಡುಗೆಮನೆಯಲ್ಲಿ ಒಬ್ಬರು ನಿಂತರೆ ಇನ್ನೊಬ್ಬರು ಬಾಗಿಲಲ್ಲೇ ಕಾಯಬೇಕು. ಮಂಚ ಹಾಕಿದ ಮೇಲೆ ಕಪಾಟಿನ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಹಾಲ್‌ಗೆ ಅಡ್ಡಲಾಗಿ ಹಗ್ಗ ಕಟ್ಟಿದ್ದೇವೆ. ಬಂದವರೆಲ್ಲ ತಲೆ ಬಗ್ಗಿಸಿಯೇ ಒಳಗೆ ಬರುತ್ತಾರೆ.

ಊರಿನಿಂದ ಅಜ್ಜಿ ಬಂದಾಗ 'ಇಷ್ಟು ಸಣ್ಣದಾ?' ಎನ್ನುತ್ತಾರೆ ಅಂದುಕೊಂಡಿದ್ದೆವು. ಅವರು ಕೇಳಿದ್ದೇ ಬೇರೆ: "ಇಲ್ಲಿಂದ ನಿಮ್ಮನ್ನು ಏಳಿ ಅಂತ ಹೇಳುವವರು ಯಾರು?"

ಈ ಪ್ರಶ್ನೆಯ ಹಿಂದೆ ಒಂದು ಕಥೆಯಿದೆ. 1951ರಲ್ಲಿ ಅಜ್ಜಿಯ ಅಪ್ಪ ತೀರಿಕೊಂಡರು. ಅಜ್ಜಿಗೆ ಆಗ ಏಳು ವರ್ಷ. ಬೊಜ್ಜ ಮುಗಿದ ಮೇಲೆ ಮುತ್ತಜ್ಜಿ ಮಕ್ಕಳ ಕೈ ಹಿಡಿದು ತವರಿಗೆ ನಡೆದರು. ಯಾರೂ ಬೈದು ಕಳಿಸಿದ್ದಲ್ಲ. ಆ ಮನೆ ಗಂಡನ ಅಕ್ಕತಂಗಿಯರ ಮಕ್ಕಳದ್ದು ಎನ್ನುವುದು ಎಲ್ಲರಿಗೂ ಗೊತ್ತಿದ್ದ ಸಂಗತಿ.

ತುಳುನಾಡಿನ ಬಂಟರು, ಬಿಲ್ಲವರು, ಮೊಗವೀರರು ಮುಂತಾದ ಸಮುದಾಯಗಳಲ್ಲಿ ನಡೆದುಬಂದದ್ದು ಅಳಿಯಸಂತಾನ, ನಮ್ಮ ಮಾತಿನಲ್ಲಿ ಅಳಿಯಕಟ್ಟು. ಕುಟುಂಬದ ಲೆಕ್ಕ ಹೆಣ್ಣಿನ ಕಡೆಯಿಂದ. ಗಂಡನದ್ದು ಒಂದು ಕುಟುಂಬ, ಹೆಂಡತಿ ಮಕ್ಕಳದ್ದು ಇನ್ನೊಂದು. ಗಂಡ ಹೆಂಡತಿ ಒಂದೇ ಸೂರಿನಡಿ ಬಾಳಿದರೂ ಆ ಸೂರು ಇಬ್ಬರಿಗೂ ಸೇರಿದ್ದಾಗಿರುತ್ತಿರಲಿಲ್ಲ. ಆಸ್ತಿಯಲ್ಲಿ ಎಲ್ಲರಿಗೂ ಹಕ್ಕಿತ್ತು, ಆದರೆ ಒಬ್ಬರು 'ನನ್ನ ಪಾಲು ಕೊಡಿ' ಎಂದು ಹಟ ಹಿಡಿಯುವಂತಿರಲಿಲ್ಲ.

ಇದು ಬದಲಾದದ್ದು ಕಾನೂನಿನಿಂದ. ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ ಬಂದ 1949ರ ಅಳಿಯಸಂತಾನ ಕಾಯ್ದೆ ಕವರುಗಳಿಗೆ, ಅಂದರೆ ಒಬ್ಬ ಹೆಣ್ಣಿನಿಂದ ಹುಟ್ಟಿದ ಕವಲುಗಳಿಗೆ, ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಸತ್ತವನ ಪಾಲು ಹೆಂಡತಿ ಮಕ್ಕಳಿಗೂ ಬರುವಂತಾಯಿತು. ಮುತ್ತಜ್ಜಿಗೆ ಅದು ಐದು ವರ್ಷ ತಡವಾಯಿತು.

ಆದರೆ ಕಾನೂನಿಗಿಂತ ಮೊದಲೇ ಕೂಲಿ ಬಂದಿತ್ತು. ನಾವಿರುವ ಈ ಜೆಪ್ಪುವಿನಲ್ಲೇ, ನೇತ್ರಾವತಿ ದಂಡೆಯಲ್ಲಿ, 1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದರು. ಮತಾಂತರವಾಗಿ ಮನೆ, ಗದ್ದೆ, ನೆಂಟರನ್ನೆಲ್ಲ ಕಳೆದುಕೊಂಡವರಿಗೆ ಮಿಷನ್ ನೇಯ್ಗೆ ಮತ್ತು ಹೆಂಚಿನ ಕೆಲಸ ಕೊಟ್ಟಿತು. ಕುಟುಂಬದ ಕಣಜವನ್ನು ನಂಬದೆ ಕೈಗೆ ಬಂದ ಸಂಬಳದಲ್ಲಿ ಗಂಡ, ಹೆಂಡತಿ, ಮಕ್ಕಳು ಮಾತ್ರ ಇರುವ ಸಣ್ಣ ಸಂಸಾರ ನಡೆಸಬಹುದು ಎನ್ನುವುದನ್ನು ಮಂಗಳೂರು ಕಂಡದ್ದು ಹೀಗೆ. ಮುಂದೆ ಬ್ಯಾಂಕುಗಳು ಬಂದವು, 1970ರ ದಶಕದಲ್ಲಿ ನವಮಂಗಳೂರು ಬಂದರು ಬಂತು. ಅದೇ ದಶಕದ ಭೂಸುಧಾರಣೆಯಲ್ಲಿ ಗೇಣಿದಾರರಿಗೆ ಭೂಮಿ ಸಿಕ್ಕಿತು, ಎಷ್ಟೋ ದೊಡ್ಡ ಮನೆಗಳ ಗದ್ದೆ ಕರಗಿತು. ಎರಡೂ ಕಡೆಯ ಮಕ್ಕಳು ಕೆಲಸ ಹುಡುಕಿ ಪೇಟೆಗೆ ಬಂದರು.

ಇದನ್ನೆಲ್ಲ ಓದುವಾಗ ನಮಗೆ ಸಿಕ್ಕಿದ ಒಂದು ವಿಷಯ ಹೇಳಲೇಬೇಕು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಮೆಟ್ಟಿಲು, ಅಂಗಳ, ಕಟ್ಟಡ ನಿಂತ ನೆಲ ಎಲ್ಲರಿಗೂ ಸೇರಿದ್ದು. ಪ್ರತಿಯೊಬ್ಬ ಮಾಲೀಕನಿಗೂ ಅದರಲ್ಲಿ ಪಾಲಿದೆ. ಆದರೆ ಒಬ್ಬರು ಬಂದು ಪಾಲು ಮಾಡಿಕೊಡಿ ಎಂದು ಕೇಳುವಂತಿಲ್ಲ. ಅಜ್ಜಿಗೆ ಇದನ್ನು ವಿವರಿಸಿದಾಗ ಅವರು ನಕ್ಕರು. "ಹಾಗಾದ್ರೆ ಇದೂ ಕುಟುಂಬದ ಮನೆಯೇ" ಎಂದರು.

ಪೂರ್ತಿ ಹಾಗಲ್ಲ. ಅಳಿಯಕಟ್ಟಿನಲ್ಲಿ ಮುತ್ತಜ್ಜಿ ಗಂಡನ ಮನೆ ಬಿಟ್ಟರೂ ಬೀದಿಗೆ ಬೀಳಲಿಲ್ಲ. ತವರಿನಲ್ಲಿ ಅವರದ್ದು ಹಕ್ಕಿನ ಜಾಗ, ಮಾವಂದಿರ ದಯೆಯಲ್ಲ. ನಮ್ಮದು ಬಾಡಿಗೆ ಮನೆ, ಅಗ್ರಿಮೆಂಟ್ 11 ತಿಂಗಳಿನದು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕೆಂದು ಎಲ್ಲರೂ ಹೀಗೇ ಬರೆಸುತ್ತಾರೆ. ನಮ್ಮಿಬ್ಬರಲ್ಲಿ ಒಬ್ಬರ ಕೆಲಸ ಹೋದರೆ ಎರಡು ತಿಂಗಳು ತಳ್ಳಬಹುದು, ಮೂರನೆಯದು ಕಷ್ಟ. ಆಗ ಹೋಗಲು ಇಬ್ಬರಿಗೂ ಹಕ್ಕಿನ ಮನೆ ಉಳಿದಿಲ್ಲ. ಎರಡೂ ಕಡೆ ಪಾಲಾಗಿ, ಮಾರಾಟವಾಗಿ ಮುಗಿದಿದೆ.

ಅಗ್ರಿಮೆಂಟ್ ಬರೆಸುವಾಗ ಮಾಲೀಕರು ಗಂಡನ ಹೆಸರು ಸಾಕು ಎಂದಿದ್ದರು. ಮುತ್ತಜ್ಜಿಯ ಕಥೆ ಆಗ ನಮಗೆ ಗೊತ್ತಿರಲಿಲ್ಲ, ಸುಮ್ಮನೆ ಒಪ್ಪಿಕೊಂಡೆವು. ಮುಂದಿನ ತಿಂಗಳು ಅದನ್ನು ನವೀಕರಿಸಬೇಕು. ಈ ಸಲ ಇಬ್ಬರ ಹೆಸರೂ ಇರಲಿ ಎಂದು ಕೇಳಿದ್ದೇವೆ. 'ನೋಡುವ' ಅಂದಿದ್ದಾರೆ. ಅಜ್ಜಿ ವಾರಕ್ಕೊಮ್ಮೆ ಫೋನ್ ಮಾಡಿ ಅದನ್ನೇ ವಿಚಾರಿಸುತ್ತಾರೆ.