ತಟ್ಟೆ ಇಡ್ಲಿ ಮತ್ತು ಮಾನಿಟರ್

ಬೆಳ್ಳಾವಿಯ ನಮ್ಮ ಮನೆಯಲ್ಲಿ ಒಂದು ಹಳೇ ಮಾನಿಟರ್ ಇದೆ. ಇಂಜಿನಿಯರಿಂಗ್ ಓದುವಾಗ ಸೆಕೆಂಡ್ ಹ್ಯಾಂಡಲ್ಲಿ ತಗೊಂಡಿದ್ದು. ಅದು ಮೇಜಿನ ಮೇಲೆ, ಅಪ್ಪ ಕೆಳಗೆ ಚಾಪೆ ಮೇಲೆ. ಯಾವುದಾದರೂ ಹಳೇ ಸಿನಿಮಾ ಹಾಕಿದರೆ ಸಾಕು, "ಏನ್ಲಾ ಇದು, ಎಲ್ರ ಮುಖಾನೂ ಫೋಟೋ ನೆಗೆಟಿವ್ ಥರ ಕಾಣ್ತದೆ" ಅಂತ ಶುರು. ಎದ್ದು ಕುರ್ಚಿ ಮೇಲೆ ಕೂತರೆ ಎಲ್ಲ ಸರಿ. ಆದರೆ ಅಪ್ಪ ಕುರ್ಚಿ ಮೇಲೆ ಕೂರೋಲ್ಲ!

ಹಾಗಾಗಿ ಹೊಸದು ತರೋಣ ಅಂತ ತೀರ್ಮಾನವಾಯ್ತು. ತಮ್ಮನಿಗೆ ಗೇಮ್ ಆಡೋದಕ್ಕೆ, ನಾನು ಊರಿಗೆ ಬಂದಾಗ ಆಫೀಸ್ ಕೆಲಸಕ್ಕೆ, ಅಪ್ಪನಿಗೆ ಸಿನಿಮಾಕ್ಕೆ. ಮೂವರಿಗೂ ಸೇರಿ ಒಂದೇ. ಅಂಗಡಿಯವರು ಟಿಎನ್, ವಿಎ, ಐಪಿಎಸ್ ಅಂತ ಮಂತ್ರ ಹೇಳ್ತಾರೆ. ಇವೆಲ್ಲ ಏನು ಅಂತ ಹುಡುಕುತ್ತಾ ಹೋದವನು ಕೊನೆಗೆ ಬಂದು ನಿಂತಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಗಿಲಲ್ಲಿ. ಆ ಕಥೆ ಹೇಳೋಣ ಅಂತಲೇ ಇದನ್ನು ಬರೀತಿರೋದು.

ಕಥೆ ಶುರುವಾಗೋದು ಕ್ಯಾರೆಟ್ಟಿನಿಂದ. 1888ರಲ್ಲಿ ರೈನಿಟ್ಜರ್ ಎಂಬ ಆಸ್ಟ್ರಿಯಾದ ಸಸ್ಯವಿಜ್ಞಾನಿ ಕ್ಯಾರೆಟ್ಟಿನಿಂದ ತೆಗೆದ ಕೊಲೆಸ್ಟರಾಲಿನ ಒಂದು ಸಂಯುಕ್ತವನ್ನು ಬಿಸಿ ಮಾಡಿ ನೋಡಿದ. ಅದು ಎರಡು ಸಲ ಕರಗಿತು! ಮೊದಲು ಮಬ್ಬು ಮಬ್ಬಾದ ದ್ರವ, ಇನ್ನೂ ಬಿಸಿ ಮಾಡಿದರೆ ತಿಳಿಯಾದ ದ್ರವ. ಆ ನಡುವಿನ ಮಬ್ಬು ಸ್ಥಿತಿಯೇ ದ್ರವ ಸ್ಫಟಿಕ. ಹರಿಯೋದು ನೀರಿನ ಹಾಗೆ, ಅಣುಗಳು ಸಾಲು ಹಿಡಿಯೋದು ಸ್ಫಟಿಕದ ಹಾಗೆ. ಈ ಅಣುಗಳು ಬೆಂಕಿಕಡ್ಡಿಯಂತೆ ಉದ್ದುದ್ದ ಇರಬೇಕು ಅಂತ ಆಮೇಲೆ ಎಷ್ಟೋ ದಶಕ ಎಲ್ಲರೂ ನಂಬಿಕೊಂಡಿದ್ದರು.

ಈಗ ಎಸ್. ಚಂದ್ರಶೇಖರ್ ಅವರ ವಿಷಯಕ್ಕೆ ಬರೋಣ. ನೊಬೆಲ್ ಬಂದ ಚಂದ್ರಶೇಖರ್ ಅಲ್ಲ, ಇವರು ಬೇರೆ, ಶಿವರಾಮಕೃಷ್ಣ ಚಂದ್ರಶೇಖರ್. ಸಿ.ವಿ. ರಾಮನ್ ಅವರ ಸೋದರಳಿಯ, ಹುಟ್ಟಿದ್ದು 1930ರಲ್ಲಿ ಕಲ್ಕತ್ತೆಯಲ್ಲಿ. 1961ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಭೌತಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿ ಬಂದರು. ದ್ರವ ಸ್ಫಟಿಕದ ಹುಚ್ಚು ಹಿಡಿದಿದ್ದು ಅಲ್ಲೇ. 1971ರಲ್ಲಿ ರಾಮನ್ ಸಂಸ್ಥೆಗೆ ಬಂದು ಅದಕ್ಕೇ ಒಂದು ಪ್ರಯೋಗಾಲಯ ಕಟ್ಟಿದರು.

1977ರಲ್ಲಿ ಅವರು, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಸೇರಿ 'ಪ್ರಮಾಣ' ಅನ್ನುವ ನಮ್ಮದೇ ಪತ್ರಿಕೆಯಲ್ಲಿ ಒಂದು ಸಣ್ಣ ಲೇಖನ ಬರೆದರು. ಕಡ್ಡಿ ಅಲ್ಲ, ಬಿಲ್ಲೆಯ ಆಕಾರದ ಅಣುಗಳೂ ದ್ರವ ಸ್ಫಟಿಕ ಆಗಬಲ್ಲವು ಅನ್ನೋದು ಅದರ ಸಾರ. ನಡುವೆ ಬೆಂಜೀನ್ ಉಂಗುರ, ಸುತ್ತ ಆರು ಬಾಲ. ಈ ಬಿಲ್ಲೆಗಳು ಒಂದರ ಮೇಲೊಂದು ಕೂತು ಕಂಬ ಕಟ್ಟುತ್ತವೆ. ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗೇ ಇಲ್ಲ, ಕ್ಯಾತ್ಸಂದ್ರದ ಹೋಟೆಲಲ್ಲಿ ತಟ್ಟೆ ಇಡ್ಲಿ ಸ್ಟ್ಯಾಂಡ್ ನೋಡಿದ್ದರೆ ಸಾಕು :)

ಇಡ್ಲಿಗೂ ಮಾನಿಟರಿಗೂ ಏನು ಸಂಬಂಧ? 1970ರ ಸುಮಾರಿಗೆ ಬಂದ ಟಿಎನ್ ಪರದೆಯಲ್ಲಿ ಎರಡು ಗಾಜಿನ ನಡುವೆ ಕಡ್ಡಿ ಅಣುಗಳು ಕಾಲು ಸುತ್ತು ತಿರುಚಿಕೊಂಡು ನಿಂತಿರುತ್ತವೆ. ಕರೆಂಟ್ ಕೊಟ್ಟರೆ ನೆಟ್ಟಗಾಗಿ ಬೆಳಕನ್ನು ತಡೆಯುತ್ತವೆ. ಅಗ್ಗ, ಚುರುಕು. ಆದರೆ ಗಾಜಿಗೆ ಅಂಟಿದ ಕಡ್ಡಿಗಳು ಪೂರ್ತಿ ನೆಟ್ಟಗಾಗೋಲ್ಲ, ಓರೆಯಾಗೇ ಉಳಿಯುತ್ತವೆ. ಎದುರಿಗೆ ಕೂತರೆ ಚೆಂದ, ಪಕ್ಕದಿಂದ ನೋಡಿದರೆ ಬಣ್ಣ ಕೆಟ್ಟಿತು. ಬಿಲ್ಲೆ ಅಣುಗಳು ಬೆಳಕಿನ ಮೇಲೆ ಮಾಡೋ ಪರಿಣಾಮ ಕಡ್ಡಿಗಳದ್ದಕ್ಕೆ ಸರಿಯಾಗಿ ಉಲ್ಟಾ. 1990ರ ದಶಕದ ಮಧ್ಯದಲ್ಲಿ ಜಪಾನಿನ ಫ್ಯೂಜಿ ಫಿಲಂ ಕಂಪನಿ ಬಿಲ್ಲೆ ಅಣುಗಳನ್ನು ತೆಳ್ಳಗೆ ಬಳಿದ ಒಂದು ಹಾಳೆ ಮಾಡಿ, ಟಿಎನ್ ಪರದೆಗೆ ಅಂಟಿಸಿತು. ಕಡ್ಡಿ ಮಾಡಿದ ತಪ್ಪನ್ನು ಬಿಲ್ಲೆ ತಿದ್ದಿತು! ಅವರು ಬಳಸಿದ್ದು ಬೆಂಗಳೂರಿನ ಅದೇ ಸಂಯುಕ್ತ ಅಲ್ಲ, ಟ್ರೈಫಿನೈಲೀನ್ ಎಂಬ ಬೇರೆ ಬಿಲ್ಲೆ. ಆದರೆ ಮನೆತನ ಒಂದೇ. ಸಿಆರ್‌ಟಿ ಡಬ್ಬಿಗಳನ್ನು ಮೇಜಿನಿಂದ ಇಳಿಸಿದ ಅಗ್ಗದ ಎಲ್‌ಸಿಡಿಗಳ ಹಿಂದೆ ಈ ಹಾಳೆಯೂ ಇದೆ.

ಚಂದ್ರಶೇಖರ್ 1991ರಲ್ಲಿ ಜಾಲಹಳ್ಳಿಯಲ್ಲಿ, ಬಿಇಎಲ್ ಕೊಟ್ಟ ಜಾಗದಲ್ಲಿ ದ್ರವ ಸ್ಫಟಿಕಕ್ಕೆಂದೇ ಒಂದು ಕೇಂದ್ರ ಶುರು ಮಾಡಿದರು, 2004ರಲ್ಲಿ ತೀರಿಕೊಂಡರು. ನಾಲ್ಕು ವರ್ಷ ಎಲೆಕ್ಟ್ರಾನಿಕ್ಸ್ ಓದಿದ ನನಗೆ ಯಾವ ಮೇಷ್ಟ್ರೂ ಈ ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ. ದಿನಾ ಹತ್ತು ಗಂಟೆ ಪರದೆ ನೋಡಿಯೇ ಅನ್ನ ತಿನ್ನುವವನು!

ಅಂದ ಹಾಗೆ ಆ ಹಾಳೆ ಪಕ್ಕದ ನೋಟವನ್ನು ಬಹಳ ಮಟ್ಟಿಗೆ ಸರಿಮಾಡಿತೇ ಹೊರತು, ಟಿಎನ್ ಪರದೆಯನ್ನು ಕೆಳಗಿನಿಂದ ನೋಡಿದರೆ ಬಣ್ಣ ಉಲ್ಟಾ ಹೊಡೆಯೋದು ಪೂರ್ತಿ ಹೋಗಲಿಲ್ಲ. ಅಪ್ಪ ಹೇಳಿದ್ದೇ ಸರಿ.

ಇನ್ನು ಯಾವುದು ತರೋದು? ವಿಎ ಪರದೆಯಲ್ಲಿ ಕಡ್ಡಿಗಳು ಮೊದಲೇ ನೆಟ್ಟಗೆ ನಿಂತಿರೋದರಿಂದ ಕಪ್ಪು ಅಂದರೆ ಕಪ್ಪೇ, ರಾತ್ರಿಯ ದೃಶ್ಯಗಳು ಅದ್ಭುತ. ಆದರೆ ಕತ್ತಲ ದೃಶ್ಯದಲ್ಲಿ ಏನಾದರೂ ಜೋರಾಗಿ ಓಡಿದರೆ ಹಿಂದೆ ಮಸಿ ಎಳೆದಂತೆ ಕಾಣುತ್ತೆ, ತಮ್ಮ ಒಪ್ಪಲ್ಲ. ಒಎಲ್‌ಇಡಿಯಲ್ಲಿ ದ್ರವ ಸ್ಫಟಿಕವೇ ಇಲ್ಲ, ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತೆ, ಸಿನಿಮಾ ಗೇಮ್ ಎರಡಕ್ಕೂ ಅದೇ ರಾಜ. ಆದರೆ ದಿನವಿಡೀ ನನ್ನ ಕೋಡ್ ಕಿಟಕಿ ಅಲುಗದೆ ನಿಂತರೆ ಅದರ ಅಚ್ಚು ಪರದೆಯಲ್ಲೇ ಉಳಿದುಬಿಡೋ ಭಯ, ಬೆಲೆಯೂ ಜಾಸ್ತಿ. 1996ರಲ್ಲಿ ಹಿಟಾಚಿಯವರು ಮಾರುಕಟ್ಟೆಗೆ ತಂದ ಐಪಿಎಸ್‌ನಲ್ಲಿ ಕಡ್ಡಿಗಳು ಏಳೋದೇ ಇಲ್ಲ, ಮಲಗಿದಲ್ಲೇ ಹೊರಳುತ್ತವೆ. ಅದಕ್ಕೇ ಕುರ್ಚಿಯಿಂದ, ಚಾಪೆಯಿಂದ, ಬಾಗಿಲಿಂದ, ಎಲ್ಲಿಂದ ನೋಡಿದರೂ ಮುಖ ಮುಖದಂತೆಯೇ. ಕಪ್ಪು ಸ್ವಲ್ಪ ಬೂದಿ. ಮೊದಲು ನಿಧಾನ ಅಂತಿದ್ದರು, ಈಗ 144 ಹರ್ಟ್ಸ್‌ನಲ್ಲೂ ಸಿಗುತ್ತೆ.

ಐಪಿಎಸ್ಸೇ ಬುಕ್ ಮಾಡಿದೆ. ಹಳೇದನ್ನು ಗುಜರಿಗೆ ಹಾಕೋಣ ಅಂದೆ, ಅಪ್ಪ ಬೇಡ ಅಂದರು. ಇಡ್ಲಿ ಕಥೆ ಕೇಳಿದ ಮೇಲೆ ಅದಕ್ಕೊಂದು ಬಟ್ಟೆ ಹೊದಿಸಿ ಅಟ್ಟದ ಮೇಲೆ ಇಟ್ಟಿದ್ದಾರೆ.