ಊರಿಗೆ ಬಂದ್ರು, ಗೂಢಚಾರರಾಗಿ (ಭಾಗ 6)

ದುಡಿಯಾಕ ದೂರ ಹೋದ ಹುಡುಗ ವಾಪಸ್ ಬಂದ್ರ, ನಮ್ಮ ಬೈಲಹೊಂಗಲ ಬಸ್ ಸ್ಟ್ಯಾಂಡಿನಾಗ ಯಾರರ ಒಬ್ಬರು ಗುರುತು ಹಿಡಿದು "ಯಾವಾಗ ಬಂದ್ಯೋ?" ಅಂತಾರ. ಇವತ್ತು ನಾ ಹೇಳೋ ಹುಡುಗರಿಗೆ ಹಂಗ ಯಾರೂ ಕೇಳಬಾರದಿತ್ತು. ಗುರುತು ಸಿಕ್ಕರ ಗಲ್ಲು.

ವಕ್ಕಂ ಅಬ್ದುಲ್ ಖಾದರ್. ತಿರುವಾಂಕೂರಿನ ವಕ್ಕಂ ಊರಿನವ, ಹುಟ್ಟಿದ್ದು 1917. ನೌಕರಿ ಹುಡುಕಿಕೊಂಡು 1938ರಲ್ಲಿ ಮಲಯಾಕ್ಕೆ ಹೋದ, ಅಲ್ಲಿ ಲೋಕೋಪಯೋಗಿ ಇಲಾಖೆಯಲ್ಲಿ ಕೆಲಸ ಸಿಕ್ತು. ನಮ್ಮ ಹುಡುಗರು ಪುಣೆಗೋ ಗಲ್ಫ್‌ಗೋ ಹೋಗ್ತಾರಲ್ಲ, ಹಂಗ.

ಆಮೇಲೆ ಯುದ್ಧ. 1942ರ ಫೆಬ್ರವರಿ ಹೊತ್ತಿಗೆ ಮಲಯಾ, ಸಿಂಗಾಪುರ ಎರಡೂ ಜಪಾನಿನ ಕೈಯಲ್ಲಿ. ಪೆನಾಂಗ್‌ನಲ್ಲಿ ಸ್ವರಾಜ್ ಇನ್‌ಸ್ಟಿಟ್ಯೂಟ್ ಅಂತ ಶುರುವಾಯ್ತು. ಅಲ್ಲಿನ ಭಾರತೀಯ ಹುಡುಗರಿಗೆ ಗೂಢಚಾರಿಕೆಯ ತರಬೇತಿ. ಇವರೇ ಯಾಕೆ? ಭಾಷೆ, ಮುಖ, ಊಟ, ಎಲ್ಲಾ ಇಲ್ಲಿನದೇ. ಜಪಾನೀ ಸೈನಿಕನನ್ನ ಕಲ್ಲಿಕೋಟೆ ಸಂತ್ಯಾಗ ಬಿಟ್ರ ಐದು ನಿಮಿಷ ಉಳೀತಾನೇನ್ರಿ?

ಗಮನಿಸ್ರಿ, ನೇತಾಜಿ ಸಿಂಗಾಪುರಕ್ಕೆ ಬಂದಿದ್ದು 1943ರಲ್ಲಿ. ಇದು ಅದಕ್ಕೂ ಮುಂಚಿನ ಕಥೆ.

1942ರ ಸೆಪ್ಟೆಂಬರ್ ಕೊನೆಗೆ ಖಾದರ್ ಮತ್ತು ನಾಲ್ವರು ಜಪಾನೀ ಸಬ್‌ಮರೀನ್‌ನಲ್ಲಿ ಬಂದು ಮಲಬಾರಿನ ತಾನೂರ್ ಹತ್ರ ಇಳಿದರು. ಇನ್ನೊಂದು ಗುಂಪು ಕಾಠಿಯಾವಾಡದ ಕಡಲಿಗೆ, ಕೆಲವರು ಬರ್ಮಾ ದಾಟಿ. ತಾನೂರಿನೋರು ಮಾತ್ರ ಕೆಲಸ ಶುರು ಮಾಡೋ ಮೊದಲೇ ಪೊಲೀಸರ ಕೈಗೆ ಸಿಕ್ಕರು. ನನಗ ಓದಿ ಕೂತಲ್ಲೇ ಬೇಜಾರಾತು. ನಾಲ್ಕು ವರ್ಷ ಆದ ಮೇಲೆ ತಮ್ಮದೇ ಭಾಷೆಯ ನೆಲಕ್ಕೆ ಕಾಲಿಟ್ಟ, ಮಾತಾಡಿದ್ದು ಪೊಲೀಸರ ಜೋಡಿ.

ಮದ್ರಾಸಿನಲ್ಲಿ ವಿಚಾರಣೆ, 'ಶತ್ರು ಏಜೆಂಟ್' ಅನ್ನೋ ಸುಗ್ರೀವಾಜ್ಞೆಯಡಿ. ಐವರಿಗೆ ಗಲ್ಲು ಶಿಕ್ಷೆ ಆತು, ಒಬ್ಬರದು ಆಮೇಲೆ ಕಡಿಮೆಯಾತು.

ಇಲ್ಲಿ ನನಗೊಂದು ಗೊಂದಲ ಅದ, ಮುಚ್ಚಿಡಾಂಗಿಲ್ಲ. ಜಪಾನಿಗೆ ಬೇಕಿದ್ದದ್ದು ಬ್ರಿಟಿಷ್ ಸೈನ್ಯದ ಸುದ್ದಿ, ನಮ್ಮ ಸ್ವಾತಂತ್ರ್ಯ ಅಲ್ಲ. ಅದೇ ಜಪಾನ್ ಆವಾಗ ಮಲಯಾದಲ್ಲಿ ಏನೆಲ್ಲಾ ಕ್ರೌರ್ಯ ಮಾಡ್ತಿತ್ತು! ಆದ್ರ ಆ ಸಬ್‌ಮರೀನ್ ಹತ್ತಿದವರನ್ನ ಜಪಾನಿನ ಬಂಟರು ಅನ್ನಾಕ ನನ್ನ ಬಾಯಿ ಬರಾಂಗಿಲ್ಲ. ನಂದಗಡದಾಗ ರಾಯಣ್ಣನ್ನ ಗಲ್ಲಿಗೆ ಹಾಕಿದ ಕಾಗದದಾಗೂ ಅವನಿಗೆ ಒಳ್ಳೆ ಹೆಸರೇನು ಬರೆದಿರಾಂಗಿಲ್ಲ.

1943ರ ಸೆಪ್ಟೆಂಬರ್ 10, ಮದ್ರಾಸ್ ಜೈಲು. ಖಾದರ್, ಎಸ್. ಎ. ಆನಂದನ್, ಸತ್ಯೇಂದ್ರ ಚಂದ್ರ ಬರ್ಧನ್, ಫೌಜಾ ಸಿಂಗ್. ಒಬ್ಬ ಮುಸ್ಲಿಂ, ಇಬ್ಬರು ಹಿಂದೂ, ಒಬ್ಬ ಸಿಖ್. ಖಾದರ್‌ಗೆ ಆಗ 26. ಗಲ್ಲಿಗೆ ಮೊದಲು ಜೈಲಿನಿಂದ ಅಪ್ಪನಿಗೆ ಪತ್ರ ಬರೆದ. ವಕ್ಕಂನ ಮನೆಗೆ ಮಗನ ಬದಲು ಬಂದಿದ್ದು ಅದು.